ಮಹಡಿ ಮೀನಿನ ಹನ್ನೆರಡನೆಯ ಹಾಡು

ಮಾರ್ಚ್ 3, ಸೋಮವಾರ

ಇವತ್ತು ನನ್ನನ್ನು ನೆಲಮಾಳಿಗೆಯ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಅಲ್ಲಿ ಕಿಟಕಿ ಇಲ್ಲ. ಗೋಡೆಯ ತುಂಬ ಬೂದುಬಣ್ಣದ ಸ್ಪಂಜು. ಕೆಮ್ಮಿದರೆ ಕೆಮ್ಮು ತುಟಿ ದಾಟುವ ಮೊದಲೇ ಸತ್ತುಹೋಗುತ್ತದೆ. ಎದೆ ಬಡಿದುಕೊಳ್ಳುವುದು ಮಾತ್ರ ಕೇಳುತ್ತದೆ, ಅದು ಬೇರೆ ಯಾರದೋ ಎದೆ ಎಂಬಂತೆ.

ಸಾಹಿತ್ಯದ ಓದು ಮುಗಿಸಿ ಎಂಟು ತಿಂಗಳು ಅಕ್ಕನ ಮನೆಯಲ್ಲಿ ಕೂತು ತಿಂದ ಮೇಲೆ ಸಿಕ್ಕ ಕೆಲಸ ಇದು. ಹಳೆಯ ಹಾಡುಗಳನ್ನು ಮತ್ತೆ ಹೊರತರುವ ಸಣ್ಣ ಕಂಪನಿ. ಮೂರು ತಿಂಗಳು ನೋಡುತ್ತೇವೆ, ಆಮೇಲೆ ಹೇಳುತ್ತೇವೆ ಎಂದಿದ್ದಾರೆ. ಈಗ ಬರಬೇಕಾಗಿರುವುದು ‘ಮಹಡಿ ಮೀನು’ ತಂಡದ ಆಯ್ದ ಹಾಡುಗಳ ರೆಕಾರ್ಡು. ನಲವತ್ತೆರಡು ವರ್ಷದ ಹಿಂದೆ ಒಡೆದುಹೋದ ಸೈಕೆಡೆಲಿಕ್ ರಾಕ್ ತಂಡ. ಗಿಟಾರನ್ನು ಉಲ್ಟಾ ಓಡಿಸುವುದು, ದನಿಯನ್ನು ಕೊಳವೆಯೊಳಗಿಂದ ಬಂದ ಹಾಗೆ ಮಾಡುವುದು, ಇದೆಲ್ಲ ಅವರ ಆಟ. “ಕೇಳ್ತಾ ಕೇಳ್ತಾ ನೆಲ ಒಂದು ಚೂರು ವಾಲಿದಂಗೆ ಆಗ್ಬೇಕು ಕಣಮ್ಮಾ, ಆಗ ಅದು ಮಹಡಿ ಮೀನು” ಎಂದರು ಯಜಮಾನರು. ಕಾಲೇಜಿನಲ್ಲಿದ್ದಾಗ ಈ ತಂಡದ ಹಿಂದೆ ಊರೂರು ತಿರುಗಿದವರಂತೆ. ನನ್ನ ಕೆಲಸ, ಹಾಡುಗಳ ಸಾಹಿತ್ಯವನ್ನು ಕೇಳಿ ಬರೆದುಕೊಂಡು, ರೆಕಾರ್ಡಿನ ಜೊತೆ ಕೊಡುವ ಪುಟ್ಟ ಪುಸ್ತಕಕ್ಕೆ ಒಂದು ಲೇಖನ ಬರೆಯುವುದು.

ಹನ್ನೊಂದು ಹಾಡು ಹೆಸರಾದವು. ಹನ್ನೆರಡನೆಯದನ್ನು ಇದುವರೆಗೆ ಯಾರೂ ಕೇಳಿಲ್ಲ. ಗಾಯಕ ಕಣ್ಮರೆಯಾಗುವ ಮೊದಲು ತಂಡದವರಿಲ್ಲದೆ ಒಬ್ಬನೇ ಕೂತು ಹಾಡಿದ್ದು. ಟೇಪು ಇಷ್ಟು ವರ್ಷ ಅವನ ತಂಗಿಯ ಹತ್ತಿರ ಇತ್ತು.

ಅದನ್ನು ಹೇಗೆ ಬರೆಯಲಿ? ಮೊದಲು ಎಲ್ಲಿಂದಲೋ ಗುಂಯ್ ಎನ್ನುವ ಒಂದು ಸದ್ದು ಏಳುತ್ತದೆ. ಏರುತ್ತ ಏರುತ್ತ ಬಂದು ಧಡ್ಡೆಂದು ನಿಲ್ಲುತ್ತದೆ. ಆಮೇಲೆ ಹೆಜ್ಜೆ. ಆಮೇಲೆ ದನಿ. ಯಾವ ಭಾಷೆಯೂ ಅಲ್ಲದ ಭಾಷೆ. ಉಸಿರನ್ನು ಹೊರಗೆ ಬಿಡದೆ ಒಳಗೆಳೆದುಕೊಳ್ಳುತ್ತಲೇ ಹಾಡಿದಂತೆ. ನನ್ನ ತೋಳಿನ ಕೂದಲೆಲ್ಲ ನೆಟ್ಟಗೆ ನಿಂತವು. ಮುಗಿದ ತಕ್ಷಣ ಹೆಡ್‌ಫೋನು ಕಿತ್ತಿಟ್ಟೆ. ಬಾಗಿಲಿನ ಹಿಡಿಕೆ ಎತ್ತ ತಿರುಗಿಸಬೇಕೆಂದು ಗೊತ್ತಾಗದೆ, ಕರೆಯಲು ನಾಚಿಕೆಯಾಗಿ, ಕಿವಿಯಣ್ಣ ಬಂದು ತೆಗೆಯುವವರೆಗೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಕಿವಿಯಣ್ಣ ಎಂದರೆ ಧ್ವನಿಯ ಇಂಜಿನಿಯರು. ಅವರ ಕಿವಿಯ ಖ್ಯಾತಿಗೆ ಎಲ್ಲರೂ ಇಟ್ಟ ಹೆಸರು. “ಏನ್ ಪಂಡಿತೆ, ಒಳಗೇ ಮನೆ ಮಾಡ್ಕೊಂಡ್ಯಾ?” ಎಂದರು.

ಮಾರ್ಚ್ 5, ಬುಧವಾರ

ಗಾಯಕನ ತಂಗಿ ಬಂದಿದ್ದರು. ಅರವತ್ತರ ಹತ್ತಿರದ ಹೆಂಗಸು. ಬಟ್ಟೆ ಅಳತೆ ಸರಿಮಾಡಿಕೊಡುವ ಅಂಗಡಿ ಇಟ್ಟಿದ್ದಾರೆ. ಎಲ್ಲರಿಗೂ ಹೊಲಿಗೆಯಮ್ಮ. ಬಂದವರೇ ನನ್ನ ತೋಳಿನ ಹೊಲಿಗೆ ಬಿಟ್ಟಿರುವುದನ್ನು ಕಂಡುಹಿಡಿದು, ಚೀಲದಿಂದ ಸೂಜಿ ತೆಗೆದು, ನಾನು ಬೇಡ ಎನ್ನುವಷ್ಟರಲ್ಲಿ ಹಾಕಿಯೇಬಿಟ್ಟರು.

ಟೇಪನ್ನು ನುಡಿಸುವ ಯಂತ್ರ ಅವರ ಹತ್ತಿರ ಯಾವತ್ತೂ ಇರಲಿಲ್ಲವಂತೆ. ಅಣ್ಣನ ಆ ಹಾಡನ್ನು ಅವರು ಒಂದು ಸಲವೂ ಕೇಳಿಲ್ಲ. ಈಗ ಕೇಳಿಸುತ್ತೇವೆ ಅಂದರೂ ಒಪ್ಪಲಿಲ್ಲ. “ಎಲ್ಲಾ ಆದ್ಮೇಲೆ ಒಂದೇ ಸಲ ಕೇಳ್ತೀನಿ. ಅರ್ಧಂಬರ್ಧ ಬೇಡ.” ಹೊರಡುವಾಗ ನನ್ನ ಮೇಜಿನ ಹತ್ತಿರ ನಿಂತು ದನಿ ಇಳಿಸಿದರು.

“ನೀನು ಕೇಳಿದ್ಯಲ್ಲ ಮಗೂ. ಏನು ಹಾಡಿದ್ದಾನೆ?”

ನಾನು ಯಜಮಾನರ ಕಡೆ ನೋಡಿದೆ. ಯಜಮಾನರೇ ಹೇಳಿದರು: “ಮಾತಿಗೆ ಮೀರಿದ್ದು ಅಕ್ಕಾವ್ರೇ. ತನ್ನದೇ ಒಂದು ಭಾಷೆ ಹುಟ್ಟಿಸ್ಕೊಂಡು ಹಾಡಿದ್ದಾರೆ.”

“ಭಾಷೆ ಅಂದ್ರೆ? ನಮಗೆ ಅರ್ಥ ಆಗಲ್ವಾ?”

“ಅರ್ಥದ ಆಚೆಗಿದೆ.”

ಹೊಲಿಗೆಯಮ್ಮನ ಮುಖ ಸಣ್ಣದಾಯಿತು. “ಅಂದ್ರೆ ಜನ ಹೇಳಿದ್ದೇ ನಿಜ ಅನ್ನಿ” ಎಂದರು. ಅವನು ಚಪ್ಪಲಿಯನ್ನೂ ಬಿಟ್ಟು ಸ್ಟುಡಿಯೋದಿಂದ ಎದ್ದುಹೋದದ್ದಕ್ಕೆ ಎಲ್ಲರೂ ತಲೆ ಕೆಟ್ಟಿತು ಎಂದಿದ್ದರಂತೆ. ಆಗ ಇವರಿಗೆ ಹದಿನೇಳು ವರ್ಷ. ತಂದೆಯಿಲ್ಲ, ತಾಯಿಯಿಲ್ಲ, ಇದ್ದವನು ಅವನೊಬ್ಬ. “ಅವನಿಗೆ ಏನೂ ಆಗಿರ್ಲಿಲ್ಲ ಅಂತ ನಲವತ್ತೆರಡು ವರ್ಷದಿಂದ ಜಗಳ ಆಡ್ಕೊಂಡು ಬಂದಿದ್ದೀನಿ. ನೆಂಟರ ಹತ್ರ, ಪೇಪರಿನವರ ಹತ್ರ. ಈ ಹಾಡು ಕೇಳಿದ್ರೆ ಬಾಯಿ ಮುಚ್ತಾರೆ ಅಂದ್ಕೊಂಡಿದ್ದೆ.”

ಅವರು ಹೋದ ಮೇಲೂ ತೋಳಿನ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಮಾರ್ಚ್ 7, ಶುಕ್ರವಾರ

ಲೇಖನ ಮುಗಿಯಿತು. ಯಜಮಾನರು ನಿಂತುಕೊಂಡೇ ಓದಿದರು. ಹನ್ನೆರಡನೆಯ ಹಾಡಿನ ಬಗೆಗಿನ ಭಾಗವನ್ನು ಗಟ್ಟಿಯಾಗಿ ಎಲ್ಲರಿಗೂ ಓದಿಹೇಳಿದರು: “ಬಾಗಿಲು ತೆರೆಯುತ್ತದೆ, ಯಾವುದೋ ಲೋಕದಿಂದ ಯಾರೋ ಒಳಗೆ ಬರುತ್ತಾರೆ. ಬುದ್ಧಿಯ ದಡವನ್ನು ಬಿಟ್ಟ ಮನಸ್ಸೊಂದು ಭಾಷೆಯ ಕೊನೆಯ ಬಟ್ಟೆಯನ್ನೂ ಕಳಚಿ ನಿಂತು ಹಾಡುತ್ತದೆ.” ನಾನು ಮೇಜಿನ ಕೆಳಗೆ ಪೆನ್ನು ಹುಡುಕುವವಳಂತೆ ಬಗ್ಗಿದೆ.

“ಎಂಥಾ ಕೈ ಕಣಮ್ಮಾ ನಿಂದು! ಇಷ್ಟು ದಿನ ಎಲ್ಲಿದ್ದೆ?”

ಅಕ್ಕನ ಮನೆಯಲ್ಲಿ ಇಸ್ತ್ರಿ ಮೇಜಿನ ಪಕ್ಕದ ಮಂಚದ ಮೇಲೆ ಎನ್ನಲಿಲ್ಲ. ಅಚ್ಚಿಗೆ ಹೋಗುವ ನನ್ನ ಮೊದಲ ಬರಹ. ಸಂತೋಷವೇ ಇರಬೇಕು. 

ಮಾರ್ಚ್ 10, ಸೋಮವಾರ

ಹಾಡುಗಳನ್ನು ಕಾರ್ಖಾನೆಗೆ ಕಳಿಸಿದರು. ಅವರು ಮೊದಲು ಒಂದೇ ಒಂದು ಮಾದರಿ ರೆಕಾರ್ಡು ತಟ್ಟೆ ಒತ್ತುತ್ತಾರೆ. ನಾವು ಕೇಳಿ ಸರಿ ಇದೆ ಅಂದರೆ ಉಳಿದ ಸಾವಿರ. ಯಜಮಾನರು ಎರಡು ವಾರ ಊರಲ್ಲಿರುವುದಿಲ್ಲ.

ಹನ್ನೆರಡನೆಯದನ್ನು ಮತ್ತೆ ಕೇಳಬೇಕಾಗಿ ಬಂದಿತ್ತು. ಬಾಗಿಲು ಅರ್ಧ ತೆರೆದಿಟ್ಟುಕೊಂಡು ಕೇಳಿದೆ.

ಮಾರ್ಚ್ 13, ಗುರುವಾರ

ಏನೋ ಆಗಿದೆ. 

ಸಂಜೆ ಕೆಲಸ ಮುಗಿಸಿ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಕಬ್ಬಿಣದ ಬಾಗಿಲನ್ನು ಭಾವ ಎಂದಿನಂತೆ ಕಾಲಲ್ಲಿ ಒದ್ದು ಮುಚ್ಚಿದರು. ಧಡ್! ಆಮೇಲೆ ಆ ಸದ್ದು ಮೆಟ್ಟಿಲಗುಂಟ ಮೇಲಕ್ಕೆ ಗುಂಯ್‌ಗುಡುತ್ತ ಹೋಗಿ ಸಣ್ಣದಾಗಿ ಸತ್ತಿತು.

ಮೊದಲು ಧಡ್. ಆಮೇಲೆ ಗುಂಯ್.

ಟೇಪಿನಲ್ಲಿ ಮೊದಲು ಗುಂಯ್. ಆಮೇಲೆ ಧಡ್.

ಯಾವ ಬಾಗಿಲೂ ಹಾಗೆ ಮುಚ್ಚುವುದಿಲ್ಲ.

ಮೂರನೇ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಭಾವ, “ಏನಮ್ಮಾ, ಕರೆಂಟ್ ಹೊಡೀತಾ?” ಎಂದು ನಕ್ಕರು.

ಮಾರ್ಚ್ 14, ಶುಕ್ರವಾರ

ಕಿವಿಯಣ್ಣ ಊಟಕ್ಕೆ ಹೋದಾಗ ಅವರ ಕಂಪ್ಯೂಟರಿನ ಮುಂದೆ ಕೂತೆ. ಯಾರನ್ನೂ ಕೇಳದೆ ಕೂತೆ. ಇದನ್ನು ಬರೆದಿಡುವುದಕ್ಕೂ ಭಯ. ಹಾಡನ್ನು ಹಿಂದುಮುಂದು ಮಾಡುವುದು ಎರಡು ಗುಂಡಿ ಒತ್ತುವ ಕೆಲಸ. ಅವರು ಬೇರೆ ಹಾಡಿಗೆ ಮಾಡುವುದನ್ನು ನೋಡಿದ್ದೆ.

ಮನುಷ್ಯನ ದನಿ ಬಂತು. ಸಾದಾ ದನಿ, ಸಾದಾ ಗಿಟಾರು, ನಮ್ಮದೇ ಮಾತು. ಹೊಸ ಭಾಷೆಯೂ ಇಲ್ಲ, ಬೇರೆ ಲೋಕವೂ ಇಲ್ಲ. ಹಾಡು ಹೀಗಿದೆ:

ಕಿಟಕಿ ಹಾಕಿದ್ದೇನೆ, ದೀಪ ಆರಿಸಿದ್ದೇನೆ,
ನನ್ನ ಅಂಗಿ ಯಾರಿಗಾದರೂ ಕೊಡು.
ಯಾರೂ ಏನೂ ಅಂದಿಲ್ಲ, ನನಗೇನೂ ಆಗಿಲ್ಲ,
ಹೋಗಬೇಕು ಅನ್ನಿಸಿದೆ, ಅಷ್ಟೇ ನೋಡು.

ಒಂದು ಕಡೆ ಸಾಲು ಮರೆತು, ರೆಕಾರ್ಡು ಮಾಡುತ್ತಿದ್ದವರಿಗೆ “ಇರಿ, ಇನ್ನೊಂದ್ಸಲ” ಎನ್ನುತ್ತಾನೆ. ಮುಗಿದ ಮೇಲೆ ಕುರ್ಚಿ ಹಿಂದೆ ಸರಿಯುತ್ತದೆ. ಹೆಜ್ಜೆಗಳು ದೂರವಾಗುತ್ತವೆ. ಬಾಗಿಲು ಹಾಕಿಕೊಳ್ಳುತ್ತದೆ. ಆ ಸದ್ದು ಖಾಲಿ ಕೋಣೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ.

ನಾನು ‘ಯಾರೋ ಒಳಗೆ ಬರುತ್ತಾರೆ’ ಎಂದು ಬರೆದಿದ್ದೆ. ಅವನು ಹೊರಗೆ ಹೋಗುತ್ತಿದ್ದ.

ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡಿಟ್ಟು ಎದ್ದೆ. ಕುರ್ಚಿಯ ಎತ್ತರವನ್ನೂ.

ಮಾರ್ಚ್ 15, ಶನಿವಾರ

ಅಕ್ಕನಿಗೆ ಹೇಳಿದೆ. ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು.

“ಇಷ್ಟೇ ತಾನೆ? ಹೋಗಿ ಹೇಳು.”

“ನನ್ನ ಲೇಖನಾನೂ ಸುಳ್ಳು ಅಂತ ಆಗತ್ತೆ ಅಕ್ಕಾ. ಕೆಲಸ ಹೋಗತ್ತೆ.”

“ಹೇಳದೇ ಇದ್ರೆ?”

“ಆ ಅಮ್ಮ ಬಂದು ಅದನ್ನ ಕೇಳ್ತಾರೆ. ಅಣ್ಣ ಹುಚ್ಚ ಅಂತ ನಂಬ್ತಾರೆ. ಅದನ್ನ ನಾನೇ ಬೇರೆ ಚೆಂದ ಮಾಡಿ ಬರ್ದಿದ್ದೀನಿ.”

ಭಾವ ಪೇಪರಿನ ಹಿಂದಿನಿಂದ, “ನನ್ನ ಕೇಳಿದ್ರೆ ಆ ತಂಡದ ಹಾಡು ಎತ್ತಲಿಂದ ಹಾಕಿದ್ರೂ ಒಂದೇ” ಎಂದರು. ಅಕ್ಕ ಅವರ ಮೇಲೆ ಕಾಲುಚೀಲ ಎಸೆದಳು. ನಗು ಬಂತು.

ಮಾರ್ಚ್ 17, ಸೋಮವಾರ

ಚೀಟಿ ಬರೆದು ಕಿವಿಯಣ್ಣನ ಮೇಜಿನ ಮೇಲಿಟ್ಟೆ: ‘ಹನ್ನೆರಡನೆಯ ಹಾಡು ಉಲ್ಟಾ ಇದೆ ಅನ್ನಿಸುತ್ತದೆ. ದಯವಿಟ್ಟು ನೋಡಿ.’

ಅವರು ಚೀಟಿ ಹಿಡಿದುಕೊಂಡೇ ಬಂದರು. “ಪಂಡಿತೆ, ಇದೇನು ಪ್ರೇಮಪತ್ರಾನಾ? ಬಾಯಿ ಇಲ್ವಾ?” ಓದಿದ ಮೇಲೆ ನಗು ಹೋಯಿತು. “ಮಹಡಿ ಮೀನಿನ ಹಾಡಲ್ಲಿ ಅರ್ಧ ಉಲ್ಟಾನೇ ಇರತ್ತೆ. ಬೇಕಂತ ಮಾಡಿದ್ದು. ನಿಂಗೇನು ಗೊತ್ತು? ಬಂದು ಎಷ್ಟು ದಿನ ಆಯ್ತು?”

“ಹೌದು ಸಾರ್” ಎಂದು ತಲೆ ತಗ್ಗಿಸಿದೆ. ಅಲ್ಲಿಗೆ ಬಿಡಬೇಕಿತ್ತು. “ಗಿಟಾರು ಉಲ್ಟಾ ಇರತ್ತೆ ಸಾರ್. ಬಾಗಿಲನ್ನ ಯಾಕೆ ಉಲ್ಟಾ ಮಾಡ್ತಾರೆ?” ಎಂಬ ಮಾತು ಅದಾಗಿಯೇ ಬಾಯಿಂದ ಬಂತು.

ಅವರು ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಕೋಣೆಯ ಬಾಗಿಲು ಹಾಕಿ ಬಂದು ಎದುರು ಕೂತರು. ಹೊಡೆಯುತ್ತಾರೇನೋ ಎನ್ನುವಷ್ಟು ಹೆದರಿದೆ.

“ಎತ್ತರದ ಶ್ರುತಿಯ ಸದ್ದು ನಂಗೆ ಎರಡು ವರ್ಷದಿಂದ ಕೇಳಲ್ಲ” ಎಂದರು. “ಮಾತಿನ ತುದಿ, ಉಸಿರು, ಯಾವುದೂ ಇಲ್ಲ. ಎಲ್ಲಾ ಕಂಬಳಿ ಹೊದ್ದುಕೊಂಡು ಬರತ್ತೆ. ಕಂಪ್ಯೂಟರಲ್ಲಿ ಸದ್ದಿನ ಗೆರೆ ನೋಡ್ಕೊಂಡು ಕೆಲಸ ಮಾಡ್ತೀನಿ. ಆ ಟೇಪು ಹಾಕ್ದಾಗ ಒಂದು ಅನುಮಾನ ಬಂತು. ಯಜಮಾನ್ರು ಪಕ್ಕದಲ್ಲಿ ನಿಂತು ಕಣ್ಣೀರು ಹಾಕ್ತಿದ್ರು, ಅದ್ಭುತ ಅದ್ಭುತ ಅಂತ. ಸುಮ್ಮನಾದೆ. ಈಗ ನೀನು ಹೋಗಿ ಹೇಳು. ಕಿವಿಯಣ್ಣನಿಗೆ ಕಿವಿ ಇಲ್ಲ ಅಂತ.”

“ಹೇಳಲ್ಲ ಸಾರ್” ಎಂದೆ. ಯಾವುದನ್ನು ಹೇಳುವುದಿಲ್ಲ ಎಂದೆನೋ ನನಗೇ ಸ್ಪಷ್ಟವಿರಲಿಲ್ಲ.

ಏನಾಗಿರಬಹುದೆಂದು ಆಮೇಲೆ ಅವರೇ ವಿವರಿಸಿದರು. ಹಳೆಯ ಕಾಲದ ಕೆಲವು ಸ್ಟುಡಿಯೋಗಳಲ್ಲಿ ಹಾಡು ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತುತ್ತಿರಲಿಲ್ಲ. ಹಾಗೇ ಎತ್ತಿಡುತ್ತಿದ್ದರು. ಹಾಗಿಟ್ಟರೆ ಟೇಪು ಕೆಡುವುದು ಕಡಿಮೆ. ಅಂದರೆ ಹಾಡಿನ ಕೊನೆ ಸುರುಳಿಯ ಹೊರಗಿರುತ್ತದೆ, ಮೊದಲು ಒಳಗಿರುತ್ತದೆ. ತಿಳಿಯದವರು ಹಾಗೇ ಯಂತ್ರಕ್ಕೇರಿಸಿದರೆ ಹಾಡು ಹಿಂದಿನಿಂದ ಮುಂದಕ್ಕೆ ಓಡುತ್ತದೆ. “ರಟ್ಟಿನ ಪೆಟ್ಟಿಗೆ ಮೇಲೆ ಬರ್ದಿರ್ತಾರೆ. ಇದಕ್ಕೆ ಪೆಟ್ಟಿಗೇನೇ ಇರ್ಲಿಲ್ಲ. ಹಳೇ ಬಟ್ಟೆಲಿ ಸುತ್ತಿ ತಂದ್ಲು ಆಯಮ್ಮ.”

ಮಾರ್ಚ್ 18, ಮಂಗಳವಾರ

ಪುಸ್ತಕಕ್ಕೆಂದು ತಂದುಕೊಟ್ಟಿದ್ದ ಅಣ್ಣನ ಫೋಟೋ ವಾಪಸು ಕೊಡುವ ನೆಪದಲ್ಲಿ ಹೊಲಿಗೆಯಮ್ಮನ ಅಂಗಡಿಗೆ ಹೋದೆ. ಒಬ್ಬರು ನಿಲ್ಲುವಷ್ಟು ಜಾಗ. ಎರಡು ಯಂತ್ರ, ಒಂದು ಕನ್ನಡಿ. ಗೋಡೆಯ ಮೊಳೆಗೆ ಅಳತೆಯ ರಟ್ಟುಗಳನ್ನು ನೇತುಹಾಕಿದ್ದಾರೆ.

“ಅಮ್ಮಾ, ಆ ಟೇಪಿನ ಪೆಟ್ಟಿಗೆ ಏನಾಯ್ತು?”

“ಅಯ್ಯೋ, ಅದು ಬೂಷ್ಟು ಹಿಡಿದಿತ್ತು. ಒಳ್ಳೇ ಗಟ್ಟಿ ರಟ್ಟು, ಎಸೆಯೋಕೆ ಮನಸ್ಸು ಬರ್ಲಿಲ್ಲ. ಒರೆಸಿ ಕಾಲರಿನ ಅಳತೆಗೆ ಕತ್ತರಿಸ್ಕೊಂಡೆ. ಇಪ್ಪತ್ತು ವರ್ಷದಿಂದ ಊರ ಗಂಡಸರ ಕುತ್ತಿಗೆಗೆಲ್ಲ ಅದೇ.”

ತೆಗೆದುಕೊಟ್ಟರು. ಬಾಗಿದ ಎರಡು ತುಂಡು. ಸೀಮೆಸುಣ್ಣದ ಗೆರೆಗಳ ಕೆಳಗೆ, ಅರ್ಧಕ್ಕೆ ಕತ್ತರಿಸಿದ ಯಾರದೋ ಕೈಬರಹ. ಒಂದರ ಮೇಲೆ ‘ಕೊನೆ ಹೊರ’, ಇನ್ನೊಂದರ ಮೇಲೆ ‘ಗಿದೆ. ಹಿಂದಕ್ಕೆ ಸುತ್ತಿ ನುಡಿಸಿ’.

ಎರಡನ್ನೂ ಜೋಡಿಸಿ ಹಿಡಿದುಕೊಂಡೆ. 

“ಏನಾಯ್ತು ಮಗೂ? ಏನಾದ್ರೂ ಗೊತ್ತಾಯ್ತಾ?”

“ಏನೂ ಇಲ್ಲಮ್ಮಾ. ಇದನ್ನ ನಾಲ್ಕು ದಿನ ಇಟ್ಕೊಳ್ಲಾ?”

“ಕುತ್ತಿಗೆ ಬಂದ್ರೆ ಏನ್ಮಾಡ್ಲಿ? ಹೋಗ್ಲಿ, ತಗೊಂಡೋಗು” ಎಂದು ನಕ್ಕರು.

ಹೇಳದೆ ಬಂದೆ. ಹೇಡಿ.

ಮಾರ್ಚ್ 20, ಗುರುವಾರ

ಮಾದರಿ ತಟ್ಟೆ ಬಂತು. ಹಿಂದೆಯೇ ಕಾರ್ಖಾನೆಯಿಂದ ಫೋನೂ ಬಂತು. ಯಜಮಾನರಿಲ್ಲ, ಕಿವಿಯಣ್ಣ ವೈದ್ಯರ ಹತ್ತಿರ ಹೋಗಿದ್ದರು. ನಾನೊಬ್ಬಳೇ.

“ಸರಿ ಇದೆ ಅಂದ್ಬಿಡಿ ಮೇಡಂ, ಮಧ್ಯಾಹ್ನಾನೇ ಮಷಿನ್ನಿಗೆ ಹಾಕ್ತೀವಿ. ಯಜಮಾನ್ರು ಫೋನು ಎತ್ತಿದೋರು ಯಾರಿದ್ರೂ ಸಾಕು ಅಂದಿದ್ದಾರೆ.”

ಹೇಳಬೇಕಾದ್ದು ಎರಡೇ ಮಾತು. ಬಾಯಿ ತೆರೆದೆ.

“ಸರಿ ಇಲ್ಲ” ಎಂದೆ.

“ಏನ್ ಸರಿ ಇಲ್ಲ? ಗೀರು ಬಿದ್ದಿದ್ಯಾ?”

“ಇಲ್ಲ. ಕೊನೇ ಹಾಡು ತಪ್ಪಿದೆ. ನಿಲ್ಸಿ.”

“ಯಾರು ಹೇಳ್ತಿರೋದು ಅಂತ ಬರ್ಕೊಳ್ಲಿ?”

ನನ್ನ ಹೆಸರು ಹೇಳಿದೆ. ಹೇಳಿ ಫೋನಿಟ್ಟು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಮಾರ್ಚ್ 21, ಶುಕ್ರವಾರ

ಹೆದರಿಕೆ.

ಮಾರ್ಚ್ 22, ಶನಿವಾರ

ಯಜಮಾನರು ಸೋಮವಾರ ಬರುತ್ತಾರೆ. ಕಾರ್ಖಾನೆಯವರು ಅವರಿಗೆ ಹೇಳಿದ್ದಾರಂತೆ. ‘ಬಂದು ಮಾತಾಡ್ತೀನಿ’ ಎಂದಷ್ಟೇ ಸಂದೇಶ ಕಳಿಸಿದ್ದಾರೆ. ಅದನ್ನು ಹದಿನಾರು ಸಲ ಓದಿದೆ. ಕೋಪದ ‘ಬಂದು’ವೋ ಸುಮ್ಮನೆ ‘ಬಂದು’ವೋ ತಿಳಿಯಲಿಲ್ಲ. ಸಾಹಿತ್ಯ ಓದಿದ್ದು ಇದಕ್ಕೂ ಉಪಯೋಗಕ್ಕೆ ಬರಲಿಲ್ಲ.

ಮಾರ್ಚ್ 24, ಸೋಮವಾರ

ಕೋಪದ್ದೇ.

“ಸಾವಿರ ತಟ್ಟೆ ನಿಲ್ಸೋಕೆ ನೀನ್ಯಾರು? ನಂಗೊಂದು ಫೋನು ಮಾಡೋಕೆ ಬರಲ್ವಾ?” ಅವರು ಮೇಜು ಗುದ್ದಿದರು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ರಟ್ಟಿನ ಎರಡು ತುಂಡುಗಳನ್ನು ಅವರ ಮುಂದೆ ಜೋಡಿಸಿಟ್ಟೆ. ಕಿವಿಯಣ್ಣ ಅಲ್ಲಿಗೆ ಬಂದರು. ನಾನು ಅವರ ಕಡೆ ನೋಡಲಿಲ್ಲ, ಕೊಟ್ಟ ಮಾತು ನೆನಪಿತ್ತು. ಅವರೇ, “ತಪ್ಪು ನಂದು ಸಾರ್. ನಂಗೆ ಕೇಳಲ್ಲ. ಇವಳಿಗೆ ಕೇಳತ್ತೆ” ಎಂದರು.

ಮೂವರೂ ಕೆಳಗೆ ಹೋಗಿ ನೇರವಾದ ಹಾಡು ಕೇಳಿದೆವು. ಯಜಮಾನರು ಮೊದಲು ಬೆವರಿದರು.  ಮುಗಿದ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ಆ ಉಲ್ಟಾನೇ ಚೆನ್ನಾಗಿತ್ತು.”

ನಾನೂ ಕಿವಿಯಣ್ಣನೂ ಮುಖ ಮುಖ ನೋಡಿಕೊಂಡೆವು. ಯಜಮಾನರೇ ಮುಂದುವರಿಸಿದರು:

“ಇದು ಯಾರು ಬೇಕಾದ್ರೂ ಹಾಡಬಹುದಾದ ಹಾಡು. ಅಲ್ಲೊಂದು ಕಡೆ ಶ್ರುತಿನೂ ಇಳಿದಿದೆ. ಅದು ನೋಡಿ, ಮೈ ಜುಮ್ಮನ್ನಿಸ್ತಿತ್ತು. ಜನ ಮಹಡಿ ಮೀನು ಅಂತ ದುಡ್ಡು ಕೊಡೋದು ಅದಕ್ಕೆ. ಬಿಟ್ಬಿಡೋಣ. ಯಾರಿಗೆ ಗೊತ್ತಾಗತ್ತೆ?”

ಅವರು ಹೇಳಿದ್ದು ನಿಜ. ಉಲ್ಟಾ ಹಾಡು ಹೆಚ್ಚು ಚೆನ್ನಾಗಿದೆ. ನನಗೂ ಹಾಗೇ ಅನ್ನಿಸುತ್ತದೆ.

“ಹಾಡಿದವರ ತಂಗಿಗೆ ಗೊತ್ತಾಗ್ಬೇಕು ಸಾರ್” ಎಂದೆ. “ಎರಡೂ ಕೇಳಿಸೋಣ. ಅವ್ರು ಹೇಳಿದ ಹಾಗೆ ಮಾಡೋಣ. ಅವ್ರಿಗೆ ಹೇಳದೆ ಕಾರ್ಖಾನೆಗೆ ಕೊಟ್ರೆ ನಾನೇ ಹೋಗಿ ಹೇಳ್ತೀನಿ.”

“ಹೆದರಿಸ್ತಿದ್ದೀಯಾ ನನ್ನ?”

“ಇಲ್ಲ ಸಾರ್. ನಂಗೇ ಹೆದರಿಕೆ ಆಗ್ತಿದೆ.”

ಅವರು ನನ್ನ ಮುಖ ನೋಡಿ, “ಅದು ಕಾಣ್ತಿದೆ” ಎಂದರು. ಬುಧವಾರ ಬರುವಂತೆ ಹೊಲಿಗೆಯಮ್ಮನಿಗೆ ಹೇಳಿಕಳಿಸಿದರು.

ನನ್ನ ಕೆಲಸದ ಬಗ್ಗೆ ಏನೂ ಹೇಳಲಿಲ್ಲ. ಕೇಳುವ ಧೈರ್ಯ ನನಗೆಲ್ಲಿದೆ?

ಮಾರ್ಚ್ 26, ಬುಧವಾರ

ಹೊಲಿಗೆಯಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ನಡೆದದ್ದನ್ನು ಯಜಮಾನರೇ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಕಾಲರಿನ ರಟ್ಟಿನ ವಿಷಯ ಕೇಳಿ, “ಅಯ್ಯೋ, ನಾನೇ ಕತ್ತರಿಸಿದ್ನಾ!” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಅವರ ಮುಖದಲ್ಲಿ ನಾನು ಯಾವತ್ತೂ ನೋಡದ ಬೆಳಕು ಬಂತು.

“ಅಂದ್ರೆ ಅದರಲ್ಲಿ ಮಾತಿದೆ. ಅರ್ಥ ಆಗೋ ಮಾತು.”

“ಇದೆ ಅಮ್ಮಾ.”

“ನಾನು ಹೇಳ್ಲಿಲ್ವಾ? ಹೇಳ್ಲಿಲ್ವಾ ನಾನು? ಹಾಕಿ, ಹಾಕಿ.”

ಹಾಕಿದರು. ಅವರು ಕಣ್ಣು ಮುಚ್ಚಿ ಕೇಳಿದರು. ‘ಇರಿ, ಇನ್ನೊಂದ್ಸಲ’ ಎಂದಾಗ ನಕ್ಕರು. ‘ನನಗೇನೂ ಆಗಿಲ್ಲ’ ಎಂದಾಗ ತಲೆ ಜೋರಾಗಿ ಆಡಿಸಿ ನಮ್ಮ ಕಡೆ ತಿರುಗಿ, ನೋಡಿ ನೋಡಿ ಎಂಬಂತೆ ಕೈ ಮಾಡಿದರು. ಆಮೇಲೆ ಮುಂದಿನ ಸಾಲು ಬಂತು. ‘ಹೋಗಬೇಕು ಅನ್ನಿಸಿದೆ, ಅಷ್ಟೇ ನೋಡು.’

ಎತ್ತಿದ ಕೈ ಹಾಗೇ ನಿಂತಿತು. ನಿಧಾನವಾಗಿ ಮಡಿಲಿಗೆ ಇಳಿಯಿತು.

ಹೆಜ್ಜೆಗಳು ದೂರವಾಗಿ ಬಾಗಿಲು ಮುಚ್ಚಿದ ಮೇಲೂ ಅವರು ಏಳಲಿಲ್ಲ. 

“ಇಷ್ಟು ವರ್ಷ ಅವನಿಗೆ ತಲೆ ಸರಿ ಇತ್ತು ಅಂತ ಹೇಳ್ಕೊಂಡು ಬಂದೆ” ಎಂದರು. “ಸರಿ ಇತ್ತು ಅಂದ್ರೆ ಬೇಕಂತ್ಲೇ ಹೋದ ಅಂತಾಯ್ತಲ್ಲ. ಅದನ್ನ ನಾನು ಯೋಚ್ನೇನೇ ಮಾಡ್ಲಿಲ್ಲ. ಹದಿನೇಳು ವರ್ಷದ ಹುಡುಗಿನ ಬಿಟ್ಟು, ಬೇಕು ಅಂತ್ಲೇ.”

ನಾನು ಮಾಡಿದ್ದು ಇದು. ಎಲ್ಲರ ಎದುರು ಹಟ ಹಿಡಿದು ಮಾಡಿಸಿದ್ದು ಇದು. ಯಜಮಾನರು ಮೆಲ್ಲಗೆ, “ಉಲ್ಟಾದನ್ನೇ ಹಾಕ್ಬಹುದು ಅಕ್ಕಾವ್ರೇ. ಈಗ್ಲೂ ಹಾಕ್ಬಹುದು” ಎಂದರು. ದುಡ್ಡಿನ ದನಿಯಲ್ಲ, ನಿಜವಾದ ಮರುಕ.

ಅವರು ನನ್ನ ಕಡೆ ತಿರುಗಿದರು. “ನೀನು ಹೇಳು ಮಗೂ. ಹುಚ್ಚ ಆಗಿದ್ದಿದ್ರೇ ಚೆನ್ನಾಗಿತ್ತಾ?”

 “ಗೊತ್ತಿಲ್ಲಮ್ಮಾ” ಎಂದೆ.

“ನಾಳೆ ಹೇಳ್ತೀನಿ” ಎಂದು ಎದ್ದರು. ಬಸ್‌ಸ್ಟಾಪಿನವರೆಗೆ ಜೊತೆಗೆ ಹೋದೆ.  ಬಸ್ಸು ಹತ್ತುವಾಗ ನನ್ನ ಕೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದು ಬಿಟ್ಟರು.

ಅವರು ಏನಾದರೂ ಮಾಡಿಕೊಂಡರೆ? ಅಕ್ಕನಿಗೆ ಹೇಳಿದೆ. “ನಲವತ್ತೆರಡು ವರ್ಷ ಒಬ್ಬಳೇ ಬದುಕಿದೋಳು, ನಿನಗಿಂತ ಗಟ್ಟಿ ಇದ್ದಾಳೆ ಬಿಡು” ಎಂದಳು. ಆದರೂ ಭಯ.

ಮಾರ್ಚ್ 27, ಗುರುವಾರ

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹೊಲಿಗೆಯಮ್ಮ ಬಾಗಿಲಲ್ಲಿ ಕಾಯುತ್ತಿದ್ದರು. ಕಣ್ಣು ಊದಿತ್ತು.

“ನೇರವಾಗೇ ಹಾಕಿ” ಎಂದರು ಯಜಮಾನರಿಗೆ. “ಅವನು ಹೇಳಿ ಹೋಗಿದ್ದಾನೆ. ನಾನು ಕೇಳಿಸ್ಕೊಂಡಿರ್ಲಿಲ್ಲ ಅಷ್ಟೇ.” ಆಮೇಲೆ ನನ್ನ ಲೇಖನ ಓದಿಸಿದರು. ಅಚ್ಚಿಗೆ ಹೋಗಲಿದ್ದ ಹಾಳೆಯನ್ನೇ ತಂದು ನಾನೇ ಓದಿದೆ, ಬುದ್ಧಿಯ ದಡ, ಕೊನೆಯ ಬಟ್ಟೆ, ಎಲ್ಲವನ್ನೂ. ಇಷ್ಟು ಕೆಟ್ಟದಾಗಿ ಬರೆದಿದ್ದೆನೇ?

“ಚೆನ್ನಾಗಿದೆ. ಆದ್ರೆ ಇದು ಅವನಲ್ಲ” ಎಂದರು. “‘ಕಣ್ಮರೆಯಾದ’ ಅಂತ ಇದ್ಯಲ್ಲ, ಅದನ್ನ ತೆಗಿ. ಅವನೇನು ಮಂಜಾ? ‘ಮನೆ ಬಿಟ್ಟು ಹೋದ’ ಅಂತ ಬರಿ.”

ಆ ಭಾಗವನ್ನೆಲ್ಲ ಹೊಡೆದುಹಾಕಿ ಅಲ್ಲೇ ಬರೆದೆ: ‘ಈ ಹಾಡನ್ನು ಹಾಡಿ ಮುಗಿಸಿ ಅವನು ಮನೆ ಬಿಟ್ಟು ಹೋದ. ಆಗ ಅವನ ತಂಗಿಗೆ ಹದಿನೇಳು ವರ್ಷ.’

ಯಜಮಾನರು, “ಅಷ್ಟೇನಾ?” ಎಂದರು.

“ಅಷ್ಟೇ ಸಾರ್.”

ಅವರು ಕಾಗದವನ್ನು ಎರಡು ಸಲ ಓದಿ, ಏನೂ ತಿದ್ದದೆ, ಕಾರ್ಖಾನೆಗೆ ಫೋನು ಮಾಡಲು ಮೇಲೆ ಹೋದರು. ಕಿವಿಯಣ್ಣ ನೆಲಮಾಳಿಗೆಯ ಕೋಣೆಯಲ್ಲಿ ಹಾಡನ್ನು ಸಿದ್ಧಮಾಡಿಟ್ಟು ಹೊರಗೆ ಹೋದರು. ಹೊಲಿಗೆಯಮ್ಮ ಹೆಡ್‌ಫೋನನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು.

“ಇನ್ನೊಂದು ಸಲ ಕೇಳ್ಬೇಕು. ನಿನ್ನೆ ಅವನ ಮಾತು ಕೇಳ್ದೆ, ದನಿ ಕೇಳ್ಲಿಲ್ಲ. ನಂಗೆ ಹೆದರಿಕೆ ಕಣೇ. ನೀನೂ ಕೂತ್ಕೋ.”

ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ನಾನೇ ಬಾಗಿಲು ಹಾಕಿದೆ.